ಬ್ರಿಟನ್ನಿನ ಸ್ಟೇಟ್ ಪೆನ್ಶನ್ ಫೋರ್ಕಾಸ್ಟ್ ಸೇವೆ: ಬಾಡಿಗೆ ಆದಾಯದವರು ದಪ್ಪ ಅಕ್ಷರದ ಅಂಕಿಯನ್ನು ನಂಬಿ ಕೂರಬೇಡಿ

ಬ್ರಿಟನ್ನಿನಲ್ಲಿ ದುಡಿದವರಿಗೆ ಮುಂದೆ ಸ್ಟೇಟ್ ಪೆನ್ಶನ್ ಎಷ್ಟು ಬರಬಹುದು ಎಂದು ತೋರಿಸುವ ಸರ್ಕಾರದ ಆನ್‌ಲೈನ್ ಸೇವೆ ಉಚಿತ. ನ್ಯಾಷನಲ್ ಇನ್ಶೂರೆನ್ಸ್ (ಎನ್‌ಐ, ಪೆನ್ಶನ್‌ಗೆ ಆಧಾರವಾಗುವ ಸರ್ಕಾರಿ ವಂತಿಗೆ) ಸಂಖ್ಯೆ ಕೈಯಲ್ಲಿದ್ದು ಗುರುತಿನ ಪರಿಶೀಲನೆ ಮುಗಿಸಿದರೆ ಸಾಕು, ತೆರಿಗೆ ಇಲಾಖೆ ಎಚ್‌ಎಂಆರ್‌ಸಿಯ ಆ್ಯಪ್‌ನಲ್ಲೂ ನೋಡಬಹುದು. ತಿಂಗಳ ಸಂಬಳದವರಿಗೆ ಇದು ತುಂಬ ಒಳ್ಳೆಯ ಸೇವೆ. ಸ್ವಂತ ಉದ್ಯೋಗದವರಿಗೆ ಪರವಾಗಿಲ್ಲ. ಬಾಡಿಗೆ ಹಣದಲ್ಲೇ ಬದುಕುವವರನ್ನು ಮಾತ್ರ ಇದು ದಾರಿ ತಪ್ಪಿಸಬಲ್ಲದು.

ಕಾರಣ ಮೊದಲ ಪುಟದಲ್ಲೇ ಇದೆ. ಅಲ್ಲಿ ದೊಡ್ಡದಾಗಿ ಕಾಣುವ ಮೊತ್ತ, ನೀವು ಪೆನ್ಶನ್ ವಯಸ್ಸಿನವರೆಗೂ ಎನ್‌ಐ ಕಟ್ಟುತ್ತಲೇ ಇರುತ್ತೀರಿ ಎಂಬ ಊಹೆಯ ಮೇಲೆ ನಿಂತದ್ದು. ಸ್ವಲ್ಪ ಕೆಳಗೆ ಇನ್ನೊಂದು ಅಂಕಿ ಇರುತ್ತದೆ: ಕಳೆದ ಏಪ್ರಿಲ್ 5ರವರೆಗಿನ ದಾಖಲೆಯ ಪ್ರಕಾರ ಈವರೆಗೆ ಗಳಿಸಿಕೊಂಡದ್ದು. ಕೆಲಸ ಬಿಟ್ಟು ಮನೆ ಬಾಡಿಗೆ ನಂಬಿಕೊಂಡವರಿಗೆ ನಿಜವಾದದ್ದು ಈ ಎರಡನೆಯದೇ. ಪೂರ್ಣ ಪೆನ್ಶನ್ 2025-26ರಲ್ಲಿ ವಾರಕ್ಕೆ 230.25 ಪೌಂಡ್. ಅದಕ್ಕೆ ಸಾಮಾನ್ಯವಾಗಿ 35 ಅರ್ಹ ವರ್ಷ (ಎನ್‌ಐ ದಾಖಲೆ ಪೂರ್ಣವಾದ ವರ್ಷ) ಬೇಕು. 10ಕ್ಕಿಂತ ಕಡಿಮೆಯಿದ್ದರೆ ಏನೂ ಇಲ್ಲ. 2016ಕ್ಕೆ ಮೊದಲು ಕಂಪನಿ ಪೆನ್ಶನ್‌ಗಾಗಿ ಕಾಂಟ್ರ್ಯಾಕ್ಟೆಡ್ ಔಟ್ ಆಗಿದ್ದವರಿಗೆ, ಅಂದರೆ ಸ್ಟೇಟ್ ಪೆನ್ಶನ್ನಿನ ಒಂದು ಭಾಗ ಬಿಟ್ಟು ಕಡಿಮೆ ಎನ್‌ಐ ಕಟ್ಟಿದವರಿಗೆ, 35 ವರ್ಷವೂ ಸಾಲದೆ ಹೋಗಬಹುದು. ಆ ಲೆಕ್ಕವನ್ನು ಸೇವೆ ತಾನೇ ಹಾಕಿಕೊಡುತ್ತದೆ. ಇದು ಅದರ ದೊಡ್ಡ ಉಪಕಾರ, ಕೈಲೆಕ್ಕ ಬೇಡ.

ಈಗ ಬಾಡಿಗೆಯ ವಿಷಯ. ಬಾಡಿಗೆ ಎಷ್ಟೇ ಬರಲಿ, ಅದಕ್ಕೆ ಆದಾಯ ತೆರಿಗೆ ಎಷ್ಟೇ ಕಟ್ಟಿ, ಪೆನ್ಶನ್ ದಾಖಲೆಗೆ ಒಂದು ವಾರವೂ ಸೇರುವುದಿಲ್ಲ. ಅದು ದುಡಿಮೆಯಲ್ಲ, ಆಸ್ತಿಯ ಆದಾಯ ಎಂಬುದು ಕಾನೂನಿನ ನೋಟ. ರಿಪೇರಿ ಮಾಡಿಸುವುದು, ಬಾಡಿಗೆದಾರರನ್ನು ಹುಡುಕುವುದು, ಬಾಡಿಗೆ ವಸೂಲಿ ಇವೆಲ್ಲ ಯಾವ ಮನೆ ಮಾಲೀಕರೂ ಮಾಡುವ ಕೆಲಸ, ವ್ಯವಹಾರ ಎನಿಸುವುದಿಲ್ಲ. ಅದೇ ನಿಮ್ಮ ಮುಖ್ಯ ಕಸುಬಾಗಿ, ಒಂದಕ್ಕಿಂತ ಹೆಚ್ಚು ಮನೆಗಳನ್ನು ಬಾಡಿಗೆಗೆ ಕೊಟ್ಟು, ಕೊಡಲೆಂದೇ ಹೊಸ ಮನೆ ಕೊಳ್ಳುತ್ತಿದ್ದರೆ ವ್ಯವಹಾರ ಎಂದು ವಾದಿಸಲು ನೆಲೆ ಸಿಗುತ್ತದೆ. ಆಗಲೂ ವರ್ಷ ತಾನಾಗಿ ದಾಖಲಾಗುವುದಿಲ್ಲ, ಕ್ಲಾಸ್ 2, ಅಂದರೆ ಸ್ವಉದ್ಯೋಗಿಗಳ ಅಗ್ಗದ ಎನ್‌ಐ ದರದಲ್ಲಿ ಸ್ವಇಚ್ಛೆಯಿಂದ ಕಟ್ಟುವ ಅವಕಾಶ ಮಾತ್ರ. ಬೆಳಗಿನ ತಿಂಡಿ ಕೊಟ್ಟು ಅತಿಥಿಗೃಹ ನಡೆಸುವುದು ಬೇರೆ ಮಾತು, ಅದು ವ್ಯಾಪಾರವೇ. ಈ ವ್ಯತ್ಯಾಸದ ಬಗ್ಗೆ ಫೋರ್ಕಾಸ್ಟ್ ಪುಟ ಒಂದು ಸಾಲಾದರೂ ಹೇಳಬೇಕಿತ್ತು.

ಸ್ವಂತ ಉದ್ಯೋಗದವರ ಸ್ಥಿತಿ 2024ರ ಏಪ್ರಿಲ್‌ನಿಂದ ಸುಧಾರಿಸಿದೆ. 2025-26ರಲ್ಲಿ ಲಾಭ 6,845 ಪೌಂಡ್ ಮುಟ್ಟಿದರೆ ಒಂದು ಪೈಸೆ ಕ್ಲಾಸ್ 2 ಕಟ್ಟದೆಯೂ ಆ ವರ್ಷ ಅರ್ಹವಾಗುತ್ತದೆ. ಗಮನಿಸಿ, ಲಾಭ, ವಹಿವಾಟಲ್ಲ. 12,570 ದಾಟಿದ ಮೇಲೆ ಬರುವ 6% ಕ್ಲಾಸ್ 4 ಎನ್‌ಐ ಬರೀ ತೆರಿಗೆಯಂಥದ್ದು, ಅದರಿಂದ ಪೆನ್ಶನ್ ಬೆಳೆಯುವುದಿಲ್ಲ. ಲಾಭ 6,845ರ ಕೆಳಗೆ ಬಿದ್ದರೆ ವಾರಕ್ಕೆ 3.50ರಂತೆ ವರ್ಷಕ್ಕೆ 182 ಪೌಂಡ್ ಕಟ್ಟಿ ವರ್ಷ ಉಳಿಸಿಕೊಳ್ಳಬಹುದು. ಅನೇಕರು ಇಲ್ಲೇ ಎಡವುತ್ತಾರೆ: ವ್ಯಾನು, ಯಂತ್ರೋಪಕರಣದ ಕ್ಯಾಪಿಟಲ್ ಅಲೋವೆನ್ಸನ್ನೆಲ್ಲ (ಅವುಗಳ ಬೆಲೆಯನ್ನು ಲಾಭದಿಂದ ಕಳೆಯುವ ರಿಯಾಯಿತಿ) ಒಂದೇ ವರ್ಷ ತೋರಿಸಿ ಲಾಭವನ್ನು ಮಿತಿಗಿಂತ ಕೆಳಕ್ಕೆ ತಳ್ಳುತ್ತಾರೆ. ಹೇಗೂ ತೆರಿಗೆ ಬೀಳದ ಮಟ್ಟದಲ್ಲಿದ್ದರೆ ಅದರಿಂದ ಉಳಿತಾಯ ಏನೂ ಇಲ್ಲ, ಪುಕ್ಕಟೆ ಸಿಗುತ್ತಿದ್ದ ವರ್ಷವೊಂದು ಕೈತಪ್ಪುತ್ತದೆ. ಅಲೋವೆನ್ಸನ್ನು ಭಾಗಶಃ ಮಾತ್ರ ಕ್ಲೇಮ್ ಮಾಡಲು ಅವಕಾಶವಿದೆ. ಅಕೌಂಟೆಂಟ್‌ಗೆ ಮೊದಲೇ ಹೇಳಿಡಿ.

ಇನ್ನೊಂದು ತೊಡಕು ನೋಂದಣಿಯದು. ಬಾಡಿಗೆ ತೋರಿಸಲೆಂದು ಮೊದಲೇ ಸೆಲ್ಫ್ ಅಸೆಸ್‌ಮೆಂಟ್‌ಗೆ (ತಾವೇ ತೆರಿಗೆ ರಿಟರ್ನ್ ಸಲ್ಲಿಸುವ ವ್ಯವಸ್ಥೆಗೆ) ಸೇರಿ ಯುಟಿಆರ್ ಎಂಬ ತೆರಿಗೆದಾರರ ಸಂಖ್ಯೆ ಪಡೆದವರು, ಆಮೇಲೆ ಸ್ವಂತ ಕೆಲಸ ಶುರುಮಾಡಿದಾಗ ಮತ್ತೆ ನೋಂದಾಯಿಸುವ ಅಗತ್ಯವಿಲ್ಲ ಎಂದುಕೊಳ್ಳುತ್ತಾರೆ. ಅಗತ್ಯವಿದೆ. ಸ್ವಉದ್ಯೋಗಿಯ ನೋಂದಣಿಯೇ ಬೇರೆ, ಅದರ ಫಾರ್ಮ್ ಸಿಡಬ್ಲ್ಯುಎಫ್1. ಅದಿಲ್ಲದಿದ್ದರೆ ರಿಟರ್ನ್‌ನಲ್ಲಿ ಕ್ಲಾಸ್ 2 ಬಾಕ್ಸ್ ಟಿಕ್ ಮಾಡಿದರೂ ಎಚ್‌ಎಂಆರ್‌ಸಿ ಅದನ್ನು ತೆಗೆದುಹಾಕಬಹುದು. ಜನವರಿ 31ರೊಳಗೆ ಹಣ ಸೇರದಿದ್ದರೂ ಇದೇ ಪಾಡು. ಪೆನ್ಶನ್ ಪುಟದಲ್ಲಿ ಕಾಣುವುದು ‘ಈ ವರ್ಷ ಪೂರ್ಣವಲ್ಲ’ ಎಂಬಷ್ಟೇ, ಏಕೆ ಎಂಬುದಿಲ್ಲ. ಸೇವೆಯ ಅತ್ಯಂತ ಬೇಸರದ ಕೊರತೆ ಇದು. ರಿಟರ್ನ್ ಸಲ್ಲಿಸಿದ ಕೆಲ ತಿಂಗಳಿಗೆ ದಾಖಲೆ ಪುಟ ತೆರೆದು ಆ ವರ್ಷವನ್ನು ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಖಾಲಿ ವರ್ಷಗಳ ಪಟ್ಟಿ ಮಾತ್ರ ಅಚ್ಚುಕಟ್ಟು. ಪ್ರತಿ ವರ್ಷಕ್ಕೂ ಎಷ್ಟು ಕಟ್ಟಬೇಕು, ಯಾವ ದಿನದೊಳಗೆ ಎಂಬುದು ಸಿಗುತ್ತದೆ. ಹಿಂದಿನ 6 ವರ್ಷ ತುಂಬಬಹುದು. 2006ರಿಂದ ತುಂಬಿಕೊಳ್ಳುವ ವಿಶೇಷ ಅವಕಾಶ 2025ರ ಏಪ್ರಿಲ್ 5ಕ್ಕೇ ಮುಗಿಯಿತು. ಅರ್ಧ ತುಂಬಿದ ವರ್ಷಗಳನ್ನು ಮೊದಲು ಆರಿಸಿ, ಕೆಲವೇ ವಾರಗಳ ಹಣಕ್ಕೆ ಇಡೀ ವರ್ಷ ಸಿಗುತ್ತದೆ. ಆದರೆ ಅಲ್ಲಿ ಕಾಣುವ ಬೆಲೆ ಸಾಮಾನ್ಯವಾಗಿ ಕ್ಲಾಸ್ 3 ಎಂಬ ಸ್ವಇಚ್ಛೆಯ ಎನ್‌ಐಯದ್ದು: 2025-26ರಲ್ಲಿ ವಾರಕ್ಕೆ 17.75, ವರ್ಷಕ್ಕೆ 923 ಪೌಂಡ್. ಆ ವರ್ಷ ನೀವು ಸ್ವಉದ್ಯೋಗಿಯಾಗಿದ್ದರೆ ಪೇ ಬಟನ್ ಒತ್ತುವ ಮೊದಲು ಕ್ಲಾಸ್ 2ಕ್ಕೆ ಅರ್ಹರೇ ಎಂದು ಎಚ್‌ಎಂಆರ್‌ಸಿಯನ್ನು ಕೇಳಿ, ಐದು ಪಟ್ಟು ವ್ಯತ್ಯಾಸ. ಒಂದು ವರ್ಷ ಸೇರಿದರೆ 2025-26ರ ದರದಲ್ಲಿ ಪೆನ್ಶನ್ ವಾರಕ್ಕೆ ಸುಮಾರು 6.58, ವರ್ಷಕ್ಕೆ 342 ಪೌಂಡ್ ಏರುತ್ತದೆ. ಹಾಗಾಗಿ 923 ಕೊಟ್ಟರೂ ಮೂರು ವರ್ಷದೊಳಗೆ ವಾಪಸ್. ಬರೀ ಬಾಡಿಗೆ ಆದಾಯವಿರುವವರಿಗೂ ಈ ಕ್ಲಾಸ್ 3ರ ದಾರಿ ತೆರೆದೇ ಇದೆ. ಬ್ಯಾಂಕ್ ಮೂಲಕ ಕಟ್ಟುವುದಾದರೆ ಮೊದಲು 18 ಅಂಕಿಯ ರೆಫರೆನ್ಸ್ ಸಂಖ್ಯೆ ಪಡೆಯಿರಿ. ಕಟ್ಟಿದ್ದನ್ನು ಸುಲಭವಾಗಿ ಹಿಂದಿರುಗಿಸುವುದಿಲ್ಲ, ಅನುಮಾನವಿದ್ದರೆ ಸರ್ಕಾರದ ಫ್ಯೂಚರ್ ಪೆನ್ಶನ್ ಸೆಂಟರ್‌ಗೆ ಮೊದಲೇ ಫೋನ್ ಮಾಡಿ.

ಹಣ ಕಟ್ಟುವ ಮುಂಚೆ ಉಚಿತವಾಗಿ ಬರುವುದನ್ನು ನೋಡಿ: 12 ವರ್ಷದೊಳಗಿನ ಮಗುವಿಗೆ ಚೈಲ್ಡ್ ಬೆನಿಫಿಟ್ (ಮಕ್ಕಳಿಗಾಗಿ ಸರ್ಕಾರ ಕೊಡುವ ಭತ್ಯೆ) ಅರ್ಜಿ ಹಾಕಿದವರಿಗೆ ಕ್ರೆಡಿಟ್, ಅಂದರೆ ಹಣ ಕಟ್ಟದೆಯೇ ಎನ್‌ಐ ದಾಖಲೆ, ಸಿಗುತ್ತದೆ. ದಂಪತಿಯಲ್ಲಿ ದುಡಿಯದೆ ಮನೆಯಲ್ಲಿರುವವರ ಹೆಸರಲ್ಲೇ ಅರ್ಜಿ ಇರಲಿ.

ಊರಿಗೆ ಮರಳುವ ಯೋಚನೆಯಿರುವ ನಮ್ಮವರಿಗೆ ಎರಡು ಮಾತು. ಭಾರತದಲ್ಲಿ ನೆಲೆಸಿದರೆ ಪೆನ್ಶನ್ ಬರುತ್ತದೆ, ಆದರೆ ಪ್ರತಿ ಏಪ್ರಿಲ್‌ನ ಏರಿಕೆ ಸಿಗದು. ಶುರುವಾದ ಮೊತ್ತದಲ್ಲೇ ನಿಲ್ಲುತ್ತದೆ. ಸೇವೆ ತೋರಿಸುವ ಅಂಕಿಯಲ್ಲಿ ಈ ನಷ್ಟ ಕಾಣುವುದಿಲ್ಲ. ಹಾಗೆಯೇ, ವಿದೇಶದಲ್ಲಿದ್ದು ಅಗ್ಗದ ಕ್ಲಾಸ್ 2 ಕಟ್ಟುವ ದಾರಿಯನ್ನು 2026ರ ಏಪ್ರಿಲ್ 6ರಿಂದ ಮುಚ್ಚುವುದಾಗಿ 2025ರ ನವೆಂಬರ್ ಬಜೆಟ್ ಸಾರಿದೆ. ಖಾಲಿ ವರ್ಷಗಳನ್ನು ವಿಮಾನ ಹತ್ತುವ ಮೊದಲೇ ತುಂಬಿಕೊಳ್ಳಿ.