ಪಾತ್ರ ಬೆಳೆಯೋದು ನೋಡಬೇಕಂದ್ರೆ ‘ಏಜೆಂಟ್ಸ್ ಆಫ್ ಶೀಲ್ಡ್’, ಮಿಕ್ಕ ಮೂರು ಆಮೇಲೆ

ಮೂರು ತಿಂಗಳ ಪ್ಯಾಕ್ ಹಾಕಿಸಿಕೊಂಡು, ಮಾರ್ವೆಲ್‌ನ ಗೂಢಚಾರಿ ಸೀರಿಯಲ್‌ಗಳಲ್ಲಿ ಯಾವುದರಿಂದ ಶುರು ಮಾಡೋದು ಅಂತ ಯೋಚಿಸ್ತಿರೋರಿಗೆ ಉತ್ತರ ಮೊದಲೇ ಹೇಳಿಬಿಡ್ತೀನಿ: ‘ಏಜೆಂಟ್ಸ್ ಆಫ್ ಶೀಲ್ಡ್’. ಎದುರಿಗಿಟ್ಟು ನೋಡಿದ್ದು ‘ಏಜೆಂಟ್ ಕಾರ್ಟರ್’, ‘ದಿ ಫಾಲ್ಕನ್ ಅಂಡ್ ದಿ ವಿಂಟರ್ ಸೋಲ್ಜರ್’, ‘ಸೀಕ್ರೆಟ್ ಇನ್ವೇಷನ್’. ಹೊಡೆದಾಟ, ಗ್ರಾಫಿಕ್ಸ್ ಲೆಕ್ಕಕ್ಕೆ ತಗೊಂಡಿಲ್ಲ. ಅದರಲ್ಲಿ ಹೊಸವೆರಡು ಮುಂದಿವೆ ಅನ್ನೋದು ಟ್ರೇಲರ್ ನೋಡಿದವರಿಗೇ ಗೊತ್ತಾಗುತ್ತೆ. ನೋಡಿದ್ದು ಒಂದೇ. ಮೊದಲ ಕಂತಿನಲ್ಲಿದ್ದ ಮನುಷ್ಯ ಕೊನೆ ಕಂತಿನ ಹೊತ್ತಿಗೆ ಬೇರೆಯವನಾಗಿದ್ದರೆ, ಆ ಬದಲಾವಣೆಗೆ ಕಾರಣವಾದದ್ದು ನಮ್ಮ ಕಣ್ಣೆದುರು ನಡೆದಿದೆಯಾ, ಇಲ್ಲಾ ಒಂದು ಡೈಲಾಗಲ್ಲಿ ಹೇಳಿ ಕೈತೊಳೆದುಕೊಂಡಿದ್ದಾರಾ? ಕಥೆಯ ಗುಟ್ಟು ಬಿಡದೆ ಇದನ್ನು ಬರೆಯೋಕ್ಕಾಗಲ್ಲ, ಬಿಟ್ಟಿದ್ದೀನಿ.

ಶೀಲ್ಡ್ ಎಲ್ಲಿ ಗೆಲ್ಲುತ್ತೆ ಅನ್ನೋದಕ್ಕೆ ಒಂದೇ ವಿಮಾನದ ಎರಡು ದೃಶ್ಯ ಸಾಕು. 1ನೇ ಸೀಸನ್ನಿನ 6ನೇ ಕಂತಲ್ಲಿ ವಿಜ್ಞಾನಿ ಸಿಮನ್ಸ್‌ಗೆ ಅನ್ಯಗ್ರಹದ ವೈರಸ್ ತಗಲುತ್ತೆ. ಮಿಕ್ಕವರು ಉಳಿಯಲಿ ಅಂತ ಅವಳು ಹಾರುತ್ತಿರುವ ವಿಮಾನದಿಂದ ಕೆಳಗೆ ಬೀಳ್ತಾಳೆ. ಗೆಳೆಯ ಫಿಟ್ಜ್ ಪ್ಯಾರಾಚೂಟ್ ಜೊತೆ ಒದ್ದಾಡ್ತಿರುವಾಗಲೇ ಅದೇ ತಂಡದ ಏಜೆಂಟ್ ಗ್ರಾಂಟ್ ವಾರ್ಡ್ ಅದನ್ನು ಕಿತ್ತುಕೊಂಡು ಜಿಗಿದು, ಗಾಳಿಯಲ್ಲೇ ಅವಳನ್ನು ಹಿಡಿದು ಮದ್ದು ಚುಚ್ಚುತ್ತಾನೆ. ಈಗ 21ನೇ ಕಂತು ನೋಡಿ. ವಾರ್ಡ್ ಶತ್ರುಪಕ್ಷದವನು ಅನ್ನೋದು ಅಷ್ಟರಲ್ಲಿ ಬಯಲಾಗಿದೆ. ಅದೇ ವಿಮಾನ, ಅದೇ ಫಿಟ್ಜ್, ಅದೇ ಸಿಮನ್ಸ್. ಇಬ್ಬರೂ ಒಂದು ಮೆಡಿಕಲ್ ಪಾಡ್‌ನೊಳಗೆ ಬಾಗಿಲು ಹಾಕಿಕೊಂಡು ಕೂತಿದ್ದಾರೆ. ನಿನಗೆ ನಮ್ಮ ಮೇಲೆ ಪ್ರೀತಿ ಇದೆ, ನನಗೆ ಗೊತ್ತು ಅಂತ ಫಿಟ್ಜ್ ಗಾಜಿನಾಚೆಯಿಂದ ಗೋಗರೆಯುತ್ತಾನೆ. ವಾರ್ಡ್ ಹೌದು ಅಂತ ಒಪ್ಪಿಕೊಂಡೇ ಪಾಡನ್ನು ಸಮುದ್ರಕ್ಕೆ ಬೀಳಿಸ್ತಾನೆ.

ಬೇರೆ ಸೀರಿಯಲ್ ಆಗಿದ್ದರೆ ಮುಂದಿನ ವಾರ ಇಬ್ಬರೂ ಮೈಕೊಡವಿಕೊಂಡು ಲ್ಯಾಬಿಗೆ ಬರ್ತಿದ್ದರು. ಇಲ್ಲಿ ಹಾಗಾಗಲ್ಲ. ಉಳಿದ ಒಂದೇ ಉಸಿರಿನಷ್ಟು ಆಮ್ಲಜನಕವನ್ನು ಫಿಟ್ಜ್ ಅವಳಿಗೆ ಕೊಟ್ಟುಬಿಡ್ತಾನೆ. ಮಿದುಳಿಗೆ ಆಮ್ಲಜನಕ ಸಾಲದೆ ಹೋದದ್ದಕ್ಕೆ 2ನೇ ಸೀಸನ್ನಲ್ಲಿ ಬೇಕಾದ ಪದ ನಾಲಿಗೆಗೆ ಬರಲ್ಲ, ಕೈ ಹೇಳಿದ ಮಾತು ಕೇಳಲ್ಲ. ಪಕ್ಕದಲ್ಲಿ ನಿಂತು ಪದ ಹುಡುಕಿಕೊಡ್ತಿರೋ ಸಿಮನ್ಸ್ ಬರೀ ಅವನ ಭ್ರಮೆ ಅನ್ನೋದು ಮೊದಲ ಕಂತಿನ ಕೊನೆಗೆ ನಮಗೆ ಗೊತ್ತಾಗುತ್ತೆ. 3ನೇ ಕಂತಲ್ಲಿ ನೆಲಮಾಳಿಗೆಯ ಸೆರೆಯಲ್ಲಿರೋ ವಾರ್ಡ್ ಇವನ ಕಣ್ಣಿಗೆ ಬಿದ್ದಾಗ, ಆ ಕೋಣೆಯ ಆಮ್ಲಜನಕ ಇಳಿಸ್ತಾನೆ, ನನಗೆ ಏನಾಯ್ತು ನೋಡು ಅಂತ ತೋರಿಸೋಕೆ. ಮೆತ್ತಗಿನ ಹುಡುಗನೊಳಗೆ ಇಂಥದ್ದೂ ಇದೆ ಅನ್ನೋ ಬೀಜ ಬಿದ್ದದ್ದು ಅಲ್ಲಿ. 4ನೇ ಸೀಸನ್ನಿನ ಫ್ರೇಮ್‌ವರ್ಕ್ ಅನ್ನೋ ಕೃತಕ ಲೋಕದಲ್ಲಿ ಅವನ ಅಪ್ಪ ಬಿಟ್ಟುಹೋಗದೆ ಜೊತೆಗೇ ಉಳಿದಿದ್ದಾನೆ. ಅಷ್ಟು ಒಂದು ಬದಲಾದದ್ದಕ್ಕೆ ಫಿಟ್ಜ್ ಶೀಲ್ಡ್‌ನ ಶತ್ರು ಸಂಘಟನೆಯಾದ ಹೈಡ್ರಾದ ಕ್ರೂರಿ ‘ಡಾಕ್ಟರ್’ ಆಗಿಬಿಡ್ತಾನೆ. 5ನೇ ಸೀಸನ್ನಿನ 14ನೇ ಕಂತಲ್ಲಿ, ಆ ಲೋಕದಿಂದ ಹೊರಗೆ ಬಂದು ಎಷ್ಟೋ ಕಾಲವಾದ ಮೇಲೆ, ತನ್ನದೇ ತಂಡದ ಡೇಸಿಯನ್ನು ಕಟ್ಟಿಹಾಕಿ, ಅವಳ ಅತಿಮಾನುಷ ಶಕ್ತಿಯನ್ನು ತಡೆದಿಟ್ಟಿದ್ದ ಸಾಧನವನ್ನು ಕತ್ತಿನಿಂದ ಕೊಯ್ದು ತೆಗೀತಾನೆ. ಕಣ್ಣೆದುರು ಬಂದು ನಿಂತ ಆ ಡಾಕ್ಟರ್ ಬರೀ ಭ್ರಮೆ, ಅವನು ಮಾಡಿಸಿದ್ದು ಅಂದುಕೊಂಡ ಕೆಲಸವೆಲ್ಲ ತಾನೇ ಮಾಡಿದ್ದು ಅನ್ನೋದು ಗೊತ್ತಾದಾಗ ನೋಡುವವರಿಗೆ ಆಘಾತವಾಗುತ್ತೆ, ಆಶ್ಚರ್ಯವಾಗಲ್ಲ. ನಾಲ್ಕು ಸೀಸನ್ ಹಿಂದೆಯೇ ಲೆಕ್ಕ ಶುರುವಾಗಿತ್ತು.

ಮಿಕ್ಕವರೂ ಹೀಗೇ. ಡೇಸಿ ವ್ಯಾನಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಬದುಕುತ್ತಿದ್ದ ಸ್ಕೈ ಆಗಿ ಬರ್ತಾಳೆ. ಭೂಮಿ ನಡುಗಿಸುವ ಶಕ್ತಿ ಬಂದ ಮೇಲೆ ಅದನ್ನು ಒಳಗೇ ಅದುಮಿಟ್ಟುಕೊಂಡು ಅವಳ ಕೈಮೂಳೆಗಳೇ ಬಿರುಕು ಬಿಡುತ್ತವೆ. ತಂಡದ ಏಜೆಂಟ್ ಮೆಲಿಂಡಾ ಮೇ ಯಾಕೆ ನಗಲ್ಲ ಅನ್ನೋದಕ್ಕೆ 2ನೇ ಸೀಸನ್ನಿನ 17ನೇ ಕಂತು. 3ನೇ ಸೀಸನ್ನಿನ 5ನೇ ಕಂತು ಬಹುತೇಕ ಸಿಮನ್ಸ್ ಒಬ್ಬಳದೇ, ಪರಗ್ರಹದಲ್ಲಿ 4,722 ಗಂಟೆ, ಅಂದರೆ ಆರೂವರೆ ತಿಂಗಳು. ತಂಡದ ನಾಯಕ ಕೋಲ್ಸನ್ ಬಗ್ಗೆ ಹೇಳಲೇಬೇಕಾದ್ದಿಲ್ಲ, ಆ ಪಾತ್ರ ಮಾಡಿದ ಕ್ಲಾರ್ಕ್ ಗ್ರೆಗ್ ಮುಖದಲ್ಲೇ ಇದೆ.

ಈಗ ತಲೆನೋವಿನ ವಿಷಯ. ಮೊದಲ 16 ಕಂತು.

ಬಹಳ ಜನ ಶೀಲ್ಡ್ ಬಿಟ್ಟುಹೋಗೋದು ಇಲ್ಲೇ, ಅವರನ್ನು ಬೈಯೋಕ್ಕಾಗಲ್ಲ. ವಾರಕ್ಕೊಂದು ವಿಚಿತ್ರ ವಸ್ತು, ಅದರ ಹಿಂದೆ ಓಟ, ವಾರ್ಡ್ ಅನ್ನೋ ಮರದ ಮೋರೆಯ ಹೀರೋ. ಹೀಗಾಗೋಕೆ ಕಾರಣ ಸಿನಿಮಾ. ಶೀಲ್ಡ್ ಸಂಸ್ಥೆಯೊಳಗೆ ಹೈಡ್ರಾ ತುಂಬಿಕೊಂಡಿದೆ ಅನ್ನೋ ಗುಟ್ಟು ‘ಕ್ಯಾಪ್ಟನ್ ಅಮೆರಿಕ: ದಿ ವಿಂಟರ್ ಸೋಲ್ಜರ್’ ಸಿನಿಮಾದ್ದು. ಸೀರಿಯಲ್ ಶುರುವಾದದ್ದು 2013ರ ಸೆಪ್ಟೆಂಬರ್ 24ಕ್ಕೆ, ಸಿನಿಮಾ ಅಮೆರಿಕದಲ್ಲಿ ಬಿಡುಗಡೆಯಾದದ್ದು 2014ರ ಏಪ್ರಿಲ್ 4ಕ್ಕೆ. ಅಲ್ಲಿತನಕ ಸೀರಿಯಲ್‌ನವರು ಬಾಯಿ ಬಿಡೋ ಹಾಗಿರಲಿಲ್ಲ. ಏಪ್ರಿಲ್ 8ಕ್ಕೆ 17ನೇ ಕಂತು ಬಂತು, ವಾರ್ಡ್ ಹೈಡ್ರಾದವನು ಅಂತ ಬಯಲಾಯ್ತು, ಸೀರಿಯಲ್ ಎದ್ದು ನಿಂತಿತು. ಆರು ತಿಂಗಳು ಕಾಲ ನೂಕಿದ್ದು ಈಗ ಒಟ್ಟಿಗೆ ನೋಡುವ ನಮ್ಮ ತಲೆಗೆ ಬೀಳುತ್ತೆ.

ಪರಿಹಾರ ಇದೆ. 2, 3, 4, 9, 15ನೇ ಕಂತು ಬಿಟ್ಟುಬಿಡಿ. 3ನೇದರಲ್ಲಿ ಬರುವ ಗ್ರಾವಿಟೋನಿಯಂ ಅನ್ನೋ ಗುರುತ್ವ ಬದಲಿಸುವ ಧಾತು 5ನೇ ಸೀಸನ್ನಲ್ಲಿ ಬೇಕಾಗುತ್ತೆ, ಅದರ ಸಾರಾಂಶ ನಾಲ್ಕು ಸಾಲು ಓದಿಕೊಂಡರೆ ಸಾಕು. 6, 7, 8 ಮಾತ್ರ ಬಿಡಬೇಡಿ. 7ರಲ್ಲಿ ವಾರ್ಡ್ ಮತ್ತು ಫಿಟ್ಜ್ ಇಬ್ಬರನ್ನೇ ವಾಪಸ್ ಕರೆಸುವ ಏರ್ಪಾಡಿಲ್ಲದೆ ಶತ್ರುಗಳ ನಡುವೆ ಕಳಿಸ್ತಾರೆ. ಆ ಗೆಳೆತನ ನೋಡಿರದಿದ್ದರೆ 21ನೇ ಕಂತು ಚುಚ್ಚಲ್ಲ. ವಾರ್ಡ್ ಯಾರು ಅಂತ ಗೊತ್ತಿದ್ದೇ ನೋಡೋದು ಒಳ್ಳೇದು ಅಂತ ನನ್ನ ವಾದ, ಬೇಕಂತಲೇ ಇಲ್ಲಿ ಗುಟ್ಟು ಬಿಟ್ಟಿದ್ದು ಅದಕ್ಕೇ. ಗೊತ್ತಿಲ್ಲದವರಿಗೆ ಮರದ ಮೋರೆ ಅನ್ನಿಸಿದ್ದು, ಗೊತ್ತಿದ್ದವರಿಗೆ ಮುಖವಾಡ ಹಾಕಿಕೊಂಡವನ ಎಚ್ಚರಿಕೆಯಾಗಿ ಕಾಣುತ್ತೆ. ವಾರ್ಡ್ ಪಾತ್ರದ ಬ್ರೆಟ್ ಡಾಲ್ಟನ್ ನಟನೆ ಬಗ್ಗೆ ಇರೋ ದೂರು ಅರ್ಧಕ್ಕರ್ಧ ಕರಗುತ್ತೆ.

ಇನ್ನೊಂದು. 16 ಮುಗಿದ ಮೇಲೆ ಆ ಸಿನಿಮಾ, ಅದಾದ ಮೇಲೇ 17. ಆಪ್‌ಗೆ ಇದು ಗೊತ್ತಿಲ್ಲ. ಕ್ರೆಡಿಟ್ಸ್ ಬರುತ್ತಿದ್ದ ಹಾಗೇ ಎಣಿಕೆ ಶುರುಮಾಡಿ 17ಕ್ಕೆ ಹಾರಿಬಿಡುತ್ತೆ. 16ನೇ ಕಂತು ಶುರು ಮಾಡೋಕೆ ಮುಂಚೆಯೇ ಸೆಟ್ಟಿಂಗ್ಸ್‌ಗೆ ಹೋಗಿ ಆಟೋಪ್ಲೇ ಆಫ್ ಮಾಡಿ. ಆಫ್ ಮಾಡುವ ಜಾಗ ಸಿಗದಿದ್ದರೆ ಆ ಒಂದು ಕಂತನ್ನು ಡೌನ್‌ಲೋಡ್ ಮಾಡಿ, ಡೇಟಾ ಆರಿಸಿ ನೋಡಿ. ಸಬ್‌ಟೈಟಲ್ ಹಾಕಿಯೇ ಇರಲಿ, ಫಿಟ್ಜ್‌ನ ಸ್ಕಾಟ್ಲೆಂಡ್ ಉಚ್ಚಾರ ಹಿಡಿಯೋಕೆ ಕಿವಿ ಪಳಗಬೇಕು.

‘ಏಜೆಂಟ್ ಕಾರ್ಟರ್’ ಎರಡನೇ ಸ್ಥಾನ, ಹತ್ತಿರದ ಎರಡನೇ ಸ್ಥಾನ. 8 ಮತ್ತು 10, ಒಟ್ಟು 18 ಕಂತು, ಒಂದೂ ದಂಡ ಅನ್ನಿಸಲ್ಲ. ಹೇಲಿ ಆಟ್‌ವೆಲ್ ಮಾಡಿದ ಪೆಗ್ಗಿ ಕಾರ್ಟರ್ ಇಡೀ ಗುಂಪಲ್ಲೇ ಗಟ್ಟಿ ಪಾತ್ರ. ಆದರೆ ಗಟ್ಟಿ ಪಾತ್ರ ಬೇರೆ, ಬೆಳೆಯೋ ಪಾತ್ರ ಬೇರೆ. ಪೆಗ್ಗಿ ಶುರುವಿನಲ್ಲೇ ಪೂರ್ತಿಯಾಗಿದ್ದಾಳೆ. ಬದಲಾಗಬೇಕಾದವರು ಸುತ್ತಲಿನ ಗಂಡಸರು. ಅದರಲ್ಲಿ ಅವಳ ಆಫೀಸಿನ ಏಜೆಂಟ್ ಥಾಂಪ್ಸನ್ ಪಾತ್ರದ ಬರವಣಿಗೆ ಚೆಂದ. 1ನೇ ಸೀಸನ್ನಿನ 5ನೇ ಕಂತಲ್ಲಿ, ತನಗೆ ಪದಕ ತಂದುಕೊಟ್ಟ ಓಕಿನಾವಾದ ಸಾಹಸದಲ್ಲಿ ತಾನು ಕೊಂದದ್ದು ಬಿಳಿ ಬಾವುಟ ಹಿಡಿದು ಶರಣಾಗೋಕೆ ಬಂದವರನ್ನು ಅಂತ ಪೆಗ್ಗಿ ಹತ್ತಿರ ಬಾಯಿಬಿಡ್ತಾನೆ. ಇನ್ನು ಇವನು ಸರಿಹೋದ ಅಂದುಕೊಂಡರೆ, 8ನೇ ಕಂತಲ್ಲಿ ಅವಳ ಕೆಲಸದ ಹೊಗಳಿಕೆಯನ್ನು ಸೆನೆಟರ್ ಮುಂದೆ ಸಲೀಸಾಗಿ ತಾನೇ ತಗೋತಾನೆ. ಕೊರಗೂ ಇದೆ, ಚಾಳಿಯೂ ಬಿಟ್ಟಿಲ್ಲ. 2ನೇ ಸೀಸನ್ ಕೊನೆಯಲ್ಲಿ ಅವನಿಗೆ ಗುಂಡು ಬೀಳುತ್ತೆ, 2016ರ ಮೇನಲ್ಲಿ ಸೀರಿಯಲ್ ರದ್ದಾಯ್ತು. ಹೊಡೆದವರು ಯಾರು ಅಂತ ಕೇಳಬೇಡಿ.

‘ಫಾಲ್ಕನ್’ 2021ರ ಆರು ಕಂತು. ಹೊಸ ಕ್ಯಾಪ್ಟನ್ ಅಮೆರಿಕ ಆಗಿ ಬರುವ ಜಾನ್ ವಾಕರ್ ಒಬ್ಬನಿಗೋಸ್ಕರ ನೋಡಬಹುದು, 4ನೇ ಕಂತಿನ ಕೊನೆಯ ರಕ್ತ ಮೆತ್ತಿದ ಗುರಾಣಿ ಸುಮ್ಮನೆ ಬಂದದ್ದಲ್ಲ. ಹಿಂದೆ ವಿಂಟರ್ ಸೋಲ್ಜರ್ ಅನ್ನೋ ಹಂತಕನಾಗಿದ್ದ ಬಕ್ಕಿ ವಿಷಯದಲ್ಲಿ ಜಾಗ ಸಾಲದೆ ಹೋಯ್ತು. ತಾನು ಕೊಂದ ಹುಡುಗನ ಅಪ್ಪ ಯೋರಿ ಜೊತೆ ಕೂತು ಊಟ ಮಾಡೋ ಅವನ ಸಂಕಟ ಮೊದಲ ಕಂತಲ್ಲಿ ಎಷ್ಟು ಚೆನ್ನಾಗಿ ಕಟ್ಟಿದ್ದಾರೆ! ಕೊನೆ ಕಂತಲ್ಲಿ ನಿಜ ಹೇಳೋ ಘಳಿಗೆ ಬಂದಾಗ ಚುಟುಕಾಗಿ ಮುಗಿಸಿ ಕ್ಯಾಮೆರಾ ಮುಂದೆ ಹೋಗುತ್ತೆ.

2023ರ ‘ಸೀಕ್ರೆಟ್ ಇನ್ವೇಷನ್’ನಲ್ಲಿ ಉಳಿಯೋದು 4ನೇ ಕಂತಲ್ಲಿ ಶೀಲ್ಡ್‌ನ ಮಾಜಿ ಮುಖ್ಯಸ್ಥ ನಿಕ್ ಫ್ಯೂರಿ ಮತ್ತು ಅವನ ಹೆಂಡತಿ ಬಂದೂಕು ಇಟ್ಟುಕೊಂಡು ಎದುರುಬದುರು ಕೂತ ದೃಶ್ಯ. ಫ್ಯೂರಿಯ ಬಲಗೈಯಂತಿದ್ದ ಮಾರಿಯಾ ಹಿಲ್‌ಳನ್ನು ಮೊದಲ ಕಂತಲ್ಲೇ ಮುಗಿಸಿದವರಿಂದ ಇನ್ನೇನು ನಿರೀಕ್ಷಿಸೋದು.

ದುಡ್ಡಿನ ಲೆಕ್ಕಕ್ಕೆ ಬಂದರೆ, ಶೀಲ್ಡ್ 136 ಕಂತು, ಒಂದೊಂದು ಸುಮಾರು 42 ನಿಮಿಷ. ಮೈಸೂರಿಂದ ಮಂಡ್ಯಕ್ಕೆ ದಿನಾ ರೈಲಲ್ಲಿ ಓಡಾಡುವವರಿಗೆ ಹೋಗ್ತಾ ಒಂದು, ಬರ್ತಾ ಒಂದು. ವಾರಕ್ಕೆ ಆರು ದಿನ ಅಂದರೆ 12 ಕಂತು, ಹನ್ನೆರಡನೇ ವಾರದಲ್ಲಿ ಏಳೂ ಸೀಸನ್ ಮುಗಿದು ಮೂರು ತಿಂಗಳ ಪ್ಯಾಕಿನ ಒಳಗೇ ಬರುತ್ತೆ. ಹಿಂದಿನ ರಾತ್ರಿ ಮನೆ ವೈಫೈನಲ್ಲಿ ಎರಡೆರಡು ಇಳಿಸಿಟ್ಟುಕೊಳ್ಳಿ, ಶ್ರೀರಂಗಪಟ್ಟಣ ದಾಟಿದ ಮೇಲೆ ಸಿಗ್ನಲ್ ನಂಬಿ ಕೂರಬೇಡಿ. ದುಡ್ಡು ಕಟ್ಟೋಕೆ ಮುಂಚೆ ಏಳೂ ಸೀಸನ್ ಆ ಆಪ್‌ನಲ್ಲಿ ಇವೆಯಾ ಅಂತ ಹುಡುಕಿ ನೋಡಿ. ರೈಲಿಲ್ಲ, ಒಂದೇ ತಿಂಗಳ ಪ್ಯಾಕು, ಭಾನುವಾರ ಮಾತ್ರ ಬಿಡುವು ಅನ್ನುವವರು ‘ಕಾರ್ಟರ್’ ತಗೊಳ್ಳಿ; 1ನೇ ಸೀಸನ್ ಆರು ಗಂಟೆಯೊಳಗೆ ಮುಗಿಯುತ್ತೆ.

ಎರಡೂ ನೋಡುವ ಮನಸ್ಸಿದ್ದರೆ ‘ಕಾರ್ಟರ್’ ಅನ್ನು ಶೀಲ್ಡ್‌ನ 7ನೇ ಸೀಸನ್‌ಗೆ ಮೊದಲು ಮುಗಿಸಿಕೊಳ್ಳಿ. ಆ ಸೀಸನ್ನಲ್ಲಿ ಫಿಟ್ಜ್ ಕೊನೆಕೊನೆಗೆ ಮಾತ್ರ ಬರೋದು, ಅವನಿಗೋಸ್ಕರ ಕಾಯುವವರಿಗೆ ಬೇಜಾರಾಗುತ್ತೆ. ಅವನ ಬದಲಿಗೆ 3ನೇ ಕಂತಲ್ಲಿ, 1955ರ ಏರಿಯಾ 51ರಲ್ಲಿ, ಊರುಗೋಲು ಹಿಡಿದ ಒಬ್ಬ ಎದುರಾಗ್ತಾನೆ: ಪೆಗ್ಗಿಯ ಆಫೀಸಿನ ಸೌಸಾ.