ನಾಲ್ಕು ಬುರುಡೆಗಳ ರೆಸಿನ್ ಸೆಟ್: ತಳ ಚೊಕ್ಕ, ದವಡೆಯಲ್ಲಿ ಎಡವಟ್ಟು

ಮನುಷ್ಯನ ವಿಕಾಸದ ಪಾಠಕ್ಕೆಂದು ಬಳಸುವ ಈ ಸೆಟ್‌ನಲ್ಲಿರುವುದು ಚಿಂಪಾಂಜಿ, ಆಸ್ಟ್ರಲೋಪಿಥೆಕಸ್ ಆಫ್ರಿಕಾನಸ್, ಪ್ಯಾರಾಂತ್ರೋಪಸ್ ಬಾಯ್ಸಿ, ಇಂದಿನ ಮನುಷ್ಯ. ನಡುವಿನ ಎರಡೂ ಅಳಿದುಹೋದ ಮಾನವ ಬಂಧುಗಳು. ನಾಲ್ಕೂ ನಿಜ ಗಾತ್ರದ ಪಡಿಯಚ್ಚುಗಳು. ಎರಡನೆಯದು 1947ರಲ್ಲಿ ದಕ್ಷಿಣ ಆಫ್ರಿಕಾದ ಸ್ಟರ್ಕ್‌ಫಾಂಟೈನ್‌ನಲ್ಲಿ ಸಿಕ್ಕ ‘ಮಿಸೆಸ್ ಪ್ಲೆಸ್’. ಮೂರನೆಯದು 1959ರಲ್ಲಿ ಟಾಂಜಾನಿಯಾದ ಓಲ್ಡುವಾಯ್‌ನಲ್ಲಿ ಮೇರಿ ಲೀಕಿ ಕಂಡುಹಿಡಿದ, ‘ಓಎಚ್ 5’ ಎಂಬ ಕ್ರಮಸಂಖ್ಯೆಯ ಬುರುಡೆ.

ಎಲ್ಲರೂ ಮೊದಲು ಮುಖ ನೋಡುತ್ತಾರೆ. ಅದನ್ನು ಬಿಟ್ಟು ಬುರುಡೆಗಳನ್ನು ಬೋರಲು ಹಾಕಿ. ಬೆನ್ನುಹುರಿ ಇಳಿಯುವ ಮಹಾರಂಧ್ರ ಚಿಂಪಾಂಜಿಯಲ್ಲಿ ಹಿಂದಕ್ಕೆ ಸರಿದಿದೆ, ರಂಧ್ರದ ಬಾಯಿಯೂ ಹಿಂದಕ್ಕೇ ವಾಲಿದೆ. ಮನುಷ್ಯನಲ್ಲಿ ಅದು ತಳದ ನಡುವಿಗೆ ಬಂದು ನೆಲ ನೋಡುತ್ತದೆ. ಮಿಸೆಸ್ ಪ್ಲೆಸ್ ಈ ವಿಷಯದಲ್ಲಿ ಮನುಷ್ಯನ ಕಡೆಯವಳು, ಮಿದುಳಿನ ಜಾಗ ಮಾತ್ರ ಸುಮಾರು 485 ಸಿಸಿ. ಚಿಂಪಾಂಜಿಯದು ಸರಾಸರಿ 400ರ ಆಸುಪಾಸು. ಎರಡು ಕಾಲಿನ ನಡಿಗೆ ಮೊದಲು, ದೊಡ್ಡ ತಲೆ ಆಮೇಲೆ ಎಂಬುದು ಇಲ್ಲಿ ಕಣ್ಣಿಗೇ ಕಾಣುತ್ತದೆ. ರಂಧ್ರದ ಅಂಚುಗಳು ಚೂಪಾಗಿ ಮೂಡಿರುವುದರಿಂದ, ಬುರುಡೆಯ ಉದ್ದದಲ್ಲಿ ಅದು ಎಷ್ಟು ಹಿಂದಿದೆ ಎಂಬ ಅಳತೆಗೂ ಒಗ್ಗುತ್ತವೆ. ಅಳೆಯುವಾಗ ಕಣ್ಣುಗೂಡಿನ ಕೆಳಅಂಚು, ಕಿವಿತೂತಿನ ಮೇಲಂಚು ಒಂದೇ ಮಟ್ಟಕ್ಕಿರಲಿ. ಬುರುಡೆಯ ಉದ್ದವನ್ನು ಹುಬ್ಬುಗಳ ನಡುವಿನಿಂದ ಹಿಡಿಯಿರಿ. ಹಲ್ಲಿನ ತುದಿಯಿಂದ ಹಿಡಿದರೆ ಮುಂಚಾಚಿದ ಮೂತಿ ಲೆಕ್ಕ ಕೆಡಿಸುತ್ತದೆ.

ಓಎಚ್ 5ರ ನೆತ್ತಿಯ ಏಣು, ಅಂದರೆ ಜಗಿಯುವ ಸ್ನಾಯು ಅಂಟಿಕೊಳ್ಳುವ ಮೂಳೆಯ ದಿಂಡು, ಸೊಗಸಾಗಿ ಬಂದಿದೆ. ಆ ಸ್ನಾಯು ಹಾಯುವ ಕೆನ್ನೆಕಮಾನಿನ ಸಂದಿಯಲ್ಲಿ ಬೆರಳು ತೂರಿಸಿ, ಆಮೇಲೆ ಮನುಷ್ಯನದರಲ್ಲೂ ತೂರಿಸಿ ನೋಡಿ: ಜಗಿಯುವ ಸ್ನಾಯು ಎಷ್ಟು ದಪ್ಪವಿತ್ತೆಂದು ತಿಳಿಯುತ್ತದೆ. ಅಂದಹಾಗೆ ಗಂಡು ಗೊರಿಲ್ಲಾಕ್ಕೂ ಇಂಥ ಏಣಿದೆ. ಅದನ್ನು ನಂಟಿನ ಗುರುತೆಂದು ಓದಬೇಡಿ.

ತಕರಾರು ಹಲ್ಲಿನದು. ಚಿಂಪಾಂಜಿಯ ಮೇಲಿನ ಕೋರೆಹಲ್ಲಿನ ಮುಂದಿನ ಸಂದು ಚೆನ್ನಾಗಿದೆ, ಆದರೆ ಮಿಸೆಸ್ ಪ್ಲೆಸ್‌ಗೆ ಮೂಲದಲ್ಲೇ ಹಲ್ಲಿಲ್ಲ, ಬರೀ ಗುಳಿಗಳು. ಓಎಚ್ 5ಕ್ಕೆ ಕೆಳದವಡೆ ಸಿಕ್ಕೇ ಇಲ್ಲ. ಪೆಟ್ಟಿಗೆಯಲ್ಲಿರುವುದು ಊಹೆಯಿಂದ ಮಾಡಿದ್ದು, ಅದಕ್ಕೂ ಅದೇ ಬಣ್ಣ ಬಳಿದು ಒಂದು ಚೀಟಿಯನ್ನೂ ಅಂಟಿಸಿಲ್ಲ. ಇದು ಸಣ್ಣ ತಪ್ಪಲ್ಲ. ಮನುಷ್ಯನ ಬುರುಡೆಯ ಮೂಳೆಗಳು ಕೂಡುವ ಹೊಲಿಗೆಗೆರೆಗಳು ಬಣ್ಣ ತುಂಬಿಕೊಂಡು ಅರ್ಧ ಮುಚ್ಚಿಹೋಗಿವೆ. ಸಾಸಿವೆ ತುಂಬಿ ಗಾತ್ರ ಅಳೆಯುವ ಪಾಠಕ್ಕೂ ಈ ಸೆಟ್ ಆಗದು: ಬಿಚ್ಚುವಂತಿರುವುದು ಮನುಷ್ಯನದೊಂದೇ, ಅದರ ಒಳಗೋಡೆಯೂ ನಿಜದ ಮೂಳೆಗಿಂತ ದಪ್ಪ, ಹಾಗಾಗಿ ಅಳತೆ ಕಡಿಮೆಯೇ ಬರುತ್ತದೆ.

ಎತ್ತುವಾಗ ಕೆನ್ನೆಕಮಾನನ್ನಾಗಲಿ ಕಣ್ಣುಗೂಡನ್ನಾಗಲಿ ಹಿಡಿಯಬೇಡಿ, ಮೊದಲು ಮುರಿಯುವುದು ಕಮಾನೇ. ಮುರಿದರೆ ಎರಡು ಟ್ಯೂಬಿನ ಎಪಾಕ್ಸಿ ಹಚ್ಚಿ. ದಿಢೀರ್ ಅಂಟು ಬಣ್ಣದ ಮೇಲೆ ಬಿಳಿ ಕಲೆ ಬಿಡುತ್ತದೆ.

ಇವರ ಮತ್ತು ಇಂದಿನ ಮನುಷ್ಯನ ನಡುವಿನ ಹೋಮೋ ಎರೆಕ್ಟಸ್ ಇಲ್ಲದ್ದರಿಂದ ಮಿದುಳಿನ ಗಾತ್ರ ಸುಮಾರು 500 ಸಿಸಿಯಿಂದ 1350ಕ್ಕೆ ಒಂದೇ ನೆಗೆತ. 1984ರಲ್ಲಿ ಕೆನ್ಯಾದಲ್ಲಿ ಸಿಕ್ಕ, 880 ಸಿಸಿಯ ಎರೆಕ್ಟಸ್ ಬಾಲಕ ‘ತುರ್ಕಾನಾ ಹುಡುಗ’ನ ಪಡಿಯಚ್ಚನ್ನು ಬೇರೆಯಾಗಿಯೇ ತರಿಸಿಕೊಳ್ಳಬೇಕು.