ಫ್ಲ್ಯಾಟ್ ನೋಡುವ ಮೊದಲು ಜಾಗ ಯಾರದು ಅಂತ ನೋಡಿ: ಚೆಂಬೂರಿನಲ್ಲಿ ಅಕ್ಕ-ಭಾವ ಪಟ್ಟ ಪಾಡು

ಮುಂಬೈಯಲ್ಲಿ ಹಳೇ ಫ್ಲ್ಯಾಟ್ ಕೊಳ್ಳಲು ಹೊರಟಿರುವ ನಮ್ಮವರು ದಯವಿಟ್ಟು ಇದನ್ನು ಪೂರ್ತಿ ಓದಿ. ಟೋಕನ್, ಅಂದರೆ ಮುಂಗಡ, ಕೊಡುವ ಮೊದಲೇ ಓದಿದರೆ ಇನ್ನೂ ಒಳ್ಳೆಯದು. ನಮ್ಮಕ್ಕ, ಭಾವ ಚೆಂಬೂರಿನಲ್ಲಿ ಒಂದು ಟು ಬಿಎಚ್‌ಕೆ ಮೆಚ್ಚಿ, ಮುಂಗಡ ಕೊಟ್ಟು, ಕೊನೆಗೆ ಮನೆಯೂ ಇಲ್ಲ, ಪೂರ್ತಿ ದುಡ್ಡೂ ಇಲ್ಲ ಅನ್ನೋ ಹಾಗಾಯಿತು. ಕಾಗದಪತ್ರಕ್ಕೆ ಓಡಾಡಿದ್ದು ನಾನು. ಹಾಗಾಗಿ ಎಲ್ಲಿ ಏನಾಯಿತು ಅನ್ನೋದು ನನಗೆ ಗೊತ್ತಿದೆ.

ಬ್ರೋಕರ್ ನಮ್ಮ ಕರಾವಳಿ ಕಡೆಯವರೇ. ಮುಂಬೈಯಲ್ಲಿ ಯಾರಾದರೂ ಕನ್ನಡದಲ್ಲಿ ಮಾತಾಡಿಸಿದರೆ ಅರ್ಧ ನಂಬಿಕೆ ಅಲ್ಲೇ ಬಂದುಬಿಡುತ್ತದೆ, ಅಲ್ವಾ? ಮನೆ ತೋರಿಸಿದ ದಿನವೇ ಅವರು ಮನೆಗೆ ಬೆಲೆ ಕಟ್ಟಿದ ವ್ಯಾಲ್ಯುಯೇಶನ್ ರಿಪೋರ್ಟನ್ನೂ ಕೈಗಿಟ್ಟರು. ಬಣ್ಣದ ಫೋಟೋಗಳು, ಸ್ಪೈರಲ್ ಬೈಂಡಿಂಗ್, ಕೊನೆಯಲ್ಲಿ ಸರ್ಕಾರಿ ಮಾನ್ಯತೆ ಪಡೆದ ವ್ಯಾಲ್ಯುವರ್ ಅಂತ ದುಂಡನೆಯ ಮೊಹರು. ಬೆಲೆ 1 ಕೋಟಿ 40 ಲಕ್ಷ. "ನಿಮಗೆ 1 ಕೋಟಿ 35ಕ್ಕೆ ಮಾಡಿಸಿಕೊಡ್ತೇನೆ ಮಾರಾಯ್ರೆ, ನಾಳೆ ಬೇರೆ ಪಾರ್ಟಿ ಬರ್ತಿದ್ದಾರೆ" ಅಂದರು. ಭಾವ 2 ಲಕ್ಷ ಟೋಕನ್ ಕೊಟ್ಟರು.

ಆ ಮೊಹರಿನ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಸರ್ಕಾರಿ ಮಾನ್ಯತೆ ಅಂದರೆ ಆ ವ್ಯಕ್ತಿಗೆ ಬೆಲೆ ಕಟ್ಟುವ ಅರ್ಹತೆ ಇದೆ, ಅಷ್ಟೇ. ಅವರು ಬರೆದ ಬೆಲೆಗೆ ಸರ್ಕಾರ ಜವಾಬ್ದಾರಿ ಅಂತ ಅರ್ಥ ಅಲ್ಲ. ಆ ರಿಪೋರ್ಟ್ ಮಾಡಿಸಿದ್ದೂ ನಾವಲ್ಲ. ಮಾರುವವರ ಕಡೆಯಿಂದ ಬ್ರೋಕರ್ ಮಾಡಿಸಿದ್ದು. ಕೊನೇ ಪುಟದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ, ಒಡೆತನದ ದಾಖಲೆಗಳನ್ನು ನಾವು ಪರಿಶೀಲಿಸಿಲ್ಲ, ಕೊಟ್ಟ ಮಾಹಿತಿ ಸರಿ ಇದೆ ಎಂದುಕೊಂಡು ಬೆಲೆ ಕಟ್ಟಿದ್ದೇವೆ ಅಂತ ಇತ್ತು. ಅಂದರೆ ಗೋಡೆಗಳಿಗೆ ಬೆಲೆ ಹೇಳಿದ್ದಾರೆ, ಕೆಳಗಿನ ನೆಲ ಯಾರದು ಅಂತ ಕೇಳಿಯೇ ಇಲ್ಲ.

ಬ್ಯಾಂಕಿನಲ್ಲಿ ಹೋಮ್ ಲೋನ್ ಫೈಲ್ ಕೊಟ್ಟಾಗ ನಿಜ ಹೊರಬಿತ್ತು. ಬ್ಯಾಂಕಿನ ವಕೀಲರು ಫೈಲ್ ವಾಪಸ್ ಕಳಿಸಿ ಒಂದೇ ಪ್ರಶ್ನೆ ಕೇಳಿದ್ದರು: ಕಲೆಕ್ಟರ್ ಎನ್‌ಒಸಿ, ಅಂದರೆ ಜಿಲ್ಲಾಧಿಕಾರಿ ಕಚೇರಿಯ ನಿರಾಕ್ಷೇಪಣಾ ಪತ್ರ, ಎಲ್ಲಿ?

ಆವತ್ತೇ ಸಂಜೆ ಸಿಟಿಎಸ್ ನಂಬರ್ (ಜಾಗದ ಸಿಟಿ ಸರ್ವೆ ನಂಬರ್) ಹಾಕಿ ಆನ್‌ಲೈನಿನಲ್ಲಿ ಪ್ರಾಪರ್ಟಿ ಕಾರ್ಡ್, ಅಂದರೆ ಜಾಗ ಯಾರದು ಅನ್ನುವ ಸರ್ಕಾರಿ ದಾಖಲೆ, ತೆಗೆದೆ. ಪೂರ್ತಿ ಮರಾಠಿ. ಮೇಲೆ ಸಿಟಿಎಸ್ ನಂಬರ್, ಚದರ ಮೀಟರಿನಲ್ಲಿ ವಿಸ್ತೀರ್ಣ, ಕೆಳಗೆ ವರ್ಷ ವರ್ಷದ ನೋಂದಣಿ. ನಡುವೆ ಸೊಸೈಟಿ (ಆ ಕಟ್ಟಡದ ಫ್ಲ್ಯಾಟಿನವರ ಸಹಕಾರಿ ಸಂಘ) ಹೆಸರಿನ ಪಕ್ಕದಲ್ಲೇ 'ಭೋಗವಟಾದಾರ್ ವರ್ಗ್ 2' ಅಂತ ಬರೆದಿತ್ತು. ಮುಂಬೈಯಲ್ಲಿ ಜನ ಕಲೆಕ್ಟರ್ ಲ್ಯಾಂಡ್ ಅನ್ನುವುದು ಇಂಥ ಜಾಗಕ್ಕೇ. ಮಹಾರಾಷ್ಟ್ರದ 1966ರ ಭೂ ಕಂದಾಯ ಕಾಯ್ದೆಯ ಪ್ರಕಾರ ವರ್ಗ 1ರ ಜಾಗವನ್ನು ಯಾರ ಅಪ್ಪಣೆಯೂ ಇಲ್ಲದೆ ಮಾರಬಹುದು. ವರ್ಗ 2 ಹಾಗಲ್ಲ. ಅದು ಸರ್ಕಾರ ಷರತ್ತು ಹಾಕಿ ಕೊಟ್ಟ ಜಾಗ. ಅಲ್ಲಿ ಸಾಮಾನ್ಯವಾಗಿ ಒಂದೊಂದು ಫ್ಲ್ಯಾಟ್ ಕೈ ಬದಲಾದಾಗಲೂ ಕಲೆಕ್ಟರ್ ಕಚೇರಿಯ ಅನುಮತಿ ಬೇಕು, ಅದಕ್ಕೆ ಶುಲ್ಕವೂ ಕಟ್ಟಬೇಕು.

ಇಷ್ಟೇ ಆಗಿದ್ದರೆ ಶುಲ್ಕ ಕಟ್ಟಿ ಮುಂದೆ ಹೋಗಬಹುದಿತ್ತು. ಆದರೆ ಈಗ ಮಾರುತ್ತಿರುವವರು ಆ ಮನೆಯನ್ನು ಕೊಂಡಾಗಲೂ ಅನುಮತಿ ತೆಗೆದುಕೊಂಡಿರಲಿಲ್ಲ. ಇದಕ್ಕೆ 'ಶರ್ತ್‌ಭಂಗ್', ಅಂದರೆ ಷರತ್ತು ಮುರಿದದ್ದು, ಅನ್ನುತ್ತಾರೆ. ಆ ಹಳೇ ವ್ಯವಹಾರ ದಂಡದ ಸಮೇತ ಸಕ್ರಮ ಆಗದೆ ನಮ್ಮದು ಮುಂದೆ ಹೋಗುವ ಹಾಗಿಲ್ಲ. ಟೋಕನ್ ಚೀಟಿಯಲ್ಲಿ ಬ್ರೋಕರ್ ಬರೆಸಿದ್ದ ಸಾಲು ನೋಡಿ: ಸೊಸೈಟಿ ಮತ್ತು ಸರ್ಕಾರಿ ಟ್ರಾನ್ಸ್‌ಫರ್ ಖರ್ಚೆಲ್ಲ ಖರೀದಿದಾರರದ್ದು. ಸುಮ್ನೆ ಯಾರೂ ಆ 'ಸರ್ಕಾರಿ' ಅನ್ನೋ ಪದ ಸೇರಿಸುವುದಿಲ್ಲ. ಅವರಿಗೆ ಮೊದಲೇ ಗೊತ್ತಿತ್ತು. ನನಗೆ ಇವತ್ತಿಗೂ ಸಿಟ್ಟು ಇರುವುದು ಇದೊಂದೇ ವಿಷಯಕ್ಕೆ.

ಇತ್ತ ಬ್ಯಾಂಕು ತನ್ನದೇ ವ್ಯಾಲ್ಯುವರನ್ನು ಕಳಿಸಿತ್ತು. ಅವರು ಕೆಲಸ ಮಾಡಿದ ರೀತಿ ನೋಡಬೇಕಿತ್ತು. ಲೇಸರ್ ಮೀಟರನ್ನು ಗೋಡೆಗೆ ಒತ್ತಿ ಹಿಡಿದು, ಎದುರು ಗೋಡೆಯ ಮೇಲೆ ಕೆಂಪು ಚುಕ್ಕೆ ನಿಲ್ಲುವವರೆಗೆ ಕಾದು, ಒಂದೊಂದು ಕೋಣೆಯನ್ನೂ ಅಳೆದರು. ಕಪಾಟು ಅಡ್ಡ ಇದ್ದರೆ ಸರಿಸಲು ಹೇಳಿದರು. ಹಾಲಿನ ತುದಿಯಲ್ಲಿ ಟೈಲ್ಸಿನ ಮಟ್ಟ ಸ್ವಲ್ಪ ಬದಲಾಗುವ ಕಡೆ ಕೂತು, ಪ್ಲ್ಯಾನ್ ಬಿಚ್ಚಿ, "ಇದು ಬಾಲ್ಕನಿ, ಒಳಗೆ ಸೇರಿಸಿಕೊಂಡಿದ್ದಾರೆ" ಅಂದರು. ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಬಾತ್‌ರೂಮಿನ ಸೀಲಿಂಗಿನಲ್ಲಿ ಸಿಮೆಂಟ್ ಉದುರಿ ಕಬ್ಬಿಣ ಕಾಣುತ್ತಿದ್ದುದರ ಫೋಟೋ ತೆಗೆದುಕೊಂಡು, ಸೊಸೈಟಿ ಸೆಕ್ರೆಟರಿ ಹತ್ತಿರ ಸ್ಟ್ರಕ್ಚರಲ್ ಆಡಿಟ್ ರಿಪೋರ್ಟ್ (ಕಟ್ಟಡ ಗಟ್ಟಿ ಇದೆಯಾ ಅಂತ ಪರೀಕ್ಷಿಸಿದ ವರದಿ) ಕೇಳಿದರು. ಮುಂಬೈಯಲ್ಲಿ 30 ವರ್ಷ ದಾಟಿದ ಕಟ್ಟಡಕ್ಕೆ ಅದು ಕಡ್ಡಾಯ. ಸೊಸೈಟಿ ಮಾಡಿಸಿರಲೇ ಇಲ್ಲ.

ಬ್ರೋಕರ್ ಕೊಟ್ಟ ರಿಪೋರ್ಟಿನಲ್ಲಿದ್ದುದು ಗೋಡೆ, ಮೆಟ್ಟಿಲು, ಲಿಫ್ಟಿನ ಜಾಗದ ಪಾಲನ್ನೂ ಸೇರಿಸಿದ ಸೂಪರ್ ಬಿಲ್ಟ್‌ಅಪ್ 780 ಚದರಡಿ. ಇವರ ಅಳತೆಯಲ್ಲಿ ಕಾರ್ಪೆಟ್, ಅಂದರೆ ಮನೆಯೊಳಗೆ ಬಳಸುವ ಜಾಗ ಮಾತ್ರ, 520. ಬೆಲೆ 1 ಕೋಟಿ 15 ಲಕ್ಷ.

ಈಗ ಲೆಕ್ಕ ನೋಡಿ. ಸಾಲ 75 ಲಕ್ಷ ದಾಟಿದರೆ ರಿಸರ್ವ್ ಬ್ಯಾಂಕ್ ನಿಯಮದಂತೆ ಮನೆ ಬೆಲೆಯ 75 ಶೇಕಡಾಗಿಂತ ಜಾಸ್ತಿ ಕೊಡುವ ಹಾಗಿಲ್ಲ. ಒಪ್ಪಂದದ ಬೆಲೆ, ವ್ಯಾಲ್ಯುಯೇಶನ್ ಎರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಬ್ಯಾಂಕು ಹಿಡಿಯುವುದು. ಭಾವ 1 ಕೋಟಿ 1 ಲಕ್ಷ ಸಿಗುತ್ತದೆ ಅಂತ ಲೆಕ್ಕ ಹಾಕಿದ್ದರು. ಸಿಗುವುದು 86 ಲಕ್ಷ ಚಿಲ್ಲರೆ. ಅಂದುಕೊಂಡದ್ದಕ್ಕಿಂತ 15 ಲಕ್ಷ ಹೆಚ್ಚಿಗೆ ಕೈಯಿಂದ ಹಾಕಬೇಕು. ಸ್ಟ್ಯಾಂಪ್ ಡ್ಯೂಟಿ ಮುಂಬೈಯಲ್ಲಿ 6 ಶೇಕಡಾ, ಹೆಂಗಸರ ಹೆಸರಿಗೆ ಮಾತ್ರ ಮಾಡಿಸಿದರೆ 5. ಅದು ಇದರಿಂದ ಬೇರೆ, ಅದಕ್ಕೆ ಸಾಲವೂ ಸಿಗುವುದಿಲ್ಲ. ಇದರ ಮೇಲೆ ಕಲೆಕ್ಟರ್ ಶುಲ್ಕ, ಇನ್ನೊಬ್ಬರ ಹಳೇ ದಂಡ. ಅಕ್ಕ ಆ ರಾತ್ರಿ ಊಟ ಮಾಡಲಿಲ್ಲ. ಬೆಳಗ್ಗೆ "ಬೇಡ ಬಿಡು, ಈ ಮನೆ ನಮಗೆ ಬೇಡ" ಅಂದಳು.

ಟೋಕನ್ ವಾಪಸ್ ಕೇಳಿದರೆ, ಬಿಟ್ಟವರು ನೀವು, ಹಾಗಾಗಿ ಕೊಡೋದಿಲ್ಲ ಅಂದರು ಮಾರುವವರು. ಬಹಳ ಜಗ್ಗಾಡಿದ ಮೇಲೆ ಅರ್ಧ ಬಂತು. ಬ್ರೋಕರ್ ಆಮೇಲೆ ಫೋನೇ ಎತ್ತಲಿಲ್ಲ.

ಕಲೆಕ್ಟರ್ ಲ್ಯಾಂಡ್ ಅಂದ ಕೂಡಲೇ ಹೆದರಿ ಓಡಬೇಕಿಲ್ಲ. ವರ್ಗ 2ರ ಜಾಗವನ್ನು ಪ್ರೀಮಿಯಂ ಕಟ್ಟಿ ವರ್ಗ 1ಕ್ಕೆ ಬದಲಿಸಿಕೊಳ್ಳಲು 2019ರಲ್ಲಿ ಸರ್ಕಾರ ನಿಯಮ ತಂದಿದೆ. ಬದಲಿಸಿಕೊಂಡ ಸೊಸೈಟಿಯಾದರೆ ಕಾರ್ಡಿನಲ್ಲೇ ಕಾಣುತ್ತದೆ. ಅರ್ಜಿ ಹಾಕಿದ್ದೇವೆ, ಆಗುತ್ತದೆ ಅಂತ ಬಾಯಲ್ಲಿ ಹೇಳಿದರೆ ಸಾಲದು. ಅರ್ಜಿಯ ಪ್ರತಿ ಕೇಳಿ. ನವಿ ಮುಂಬೈ ಕಡೆ ನೋಡುವವರಿಗೆ ಇನ್ನೊಂದು ಮಾತು. ಅಲ್ಲಿ ಸಿಡ್ಕೊ (ನವಿ ಮುಂಬೈ ಕಟ್ಟಿದ ಸರ್ಕಾರಿ ಸಂಸ್ಥೆ) ಕೊಟ್ಟ ಜಾಗ ಸಾಮಾನ್ಯವಾಗಿ 60 ವರ್ಷದ ಲೀಸು. ಲೀಸ್ ಡೀಡ್ ತರಿಸಿ, ಯಾವ ವರ್ಷದಿಂದ ಶುರು, ಇನ್ನೆಷ್ಟು ಉಳಿದಿದೆ, ವರ್ಗಾವಣೆಗೆ ಏನು ಷರತ್ತು ಅಂತ ಕಣ್ಣಾರೆ ಓದಿ. ಮಹಾನಗರಪಾಲಿಕೆ, ಪೋರ್ಟ್ ಅಥಾರಿಟಿ (ಹಿಂದಿನ ಪೋರ್ಟ್ ಟ್ರಸ್ಟ್) ಜಾಗದಲ್ಲೂ ಲೀಸಿನ ಕಟ್ಟಡಗಳಿವೆ. ಅಲ್ಲೂ ಇದೇ ಪ್ರಶ್ನೆ ಕೇಳಿ.

ಸೊಸೈಟಿಯವರು ಫ್ಲ್ಯಾಟನ್ನು ನಿಮ್ಮ ಹೆಸರಿಗೆ ಮಾಡಲು ಟ್ರಾನ್ಸ್‌ಫರ್ ಪ್ರೀಮಿಯಂ ಅಂತ ಲಕ್ಷಗಟ್ಟಲೆ ಕೇಳಿದರೆ ಒಪ್ಪಬೇಡಿ. ಮುಂಬೈಯಂಥ ಕಡೆ ಅದರ ಮಿತಿ 25,000 ರೂಪಾಯಿ.

ಟೋಕನ್ ಕೊಡಲೇಬೇಕಾಗಿ ಬಂದರೆ ಚೀಟಿಯಲ್ಲಿ ಎರಡು ಸಾಲು ಬರೆಸಿ. ಜಾಗದ ದಾಖಲೆಯಲ್ಲಿ ತೊಂದರೆ ಕಂಡರೆ ಅಥವಾ ಬ್ಯಾಂಕು ಸಾಲ ಕೊಡದಿದ್ದರೆ ಟೋಕನ್ ಪೂರ್ತಿ ವಾಪಸ್. ಹಿಂದಿನ ವ್ಯವಹಾರಗಳ ಸರ್ಕಾರಿ ಬಾಕಿಯೆಲ್ಲ ಮಾರುವವರದ್ದು. ಚೆಕ್ಕಿನಲ್ಲೇ ಕೊಡಿ, ನಗದು ಬೇಡ. ವ್ಯಾಲ್ಯುವರ್ ನೀವೇ ಗೊತ್ತು ಮಾಡಿದವರಾಗಿರಲಿ, ಫೀಸೂ ನೀವೇ ಕೊಡಿ. ಕಾರ್ಡಿನ ಮರಾಠಿ ಗೊತ್ತಾಗದಿದ್ದರೆ ನನಗೆ ಕಳಿಸಿ, ಓದಿ ಹೇಳುತ್ತೇನೆ. ಸಿಟಿಎಸ್ ನಂಬರ್ ಮಾತ್ರ ಬ್ರೋಕರ್ ಬಾಯಿಂದ ಕೇಳಿದ್ದು ಬೇಡ, ಹಳೇ ಅಗ್ರಿಮೆಂಟ್ ನೋಡಿ ಬರೆದುಕೊಳ್ಳಿ.